ಅಪ್ಪ ಆದ ಮೇಲೆ ಕಣ್ಣು ಇಷ್ಟು ಬೇಗ ತುಂಬಿಕೊಳ್ಳುವುದು ಯಾಕೆ?

ಹೋದ ಸಂಚಿಕೆಯಲ್ಲಿ ಹೊಸ ತಾಯಂದಿರ ಮನಸ್ಸಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸರದ್ದು. "ನಮ್ಮನ್ನೂ ಸ್ವಲ್ಪ ವಿಚಾರಿಸಿಕೊಳ್ಳಿ" ಅನ್ನುವ ಧಾಟಿ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 31 ವರ್ಷ, ಮಗಳಿಗೆ ನಾಲ್ಕು ತಿಂಗಳು. ಮೊದಲು ನಾನು ಅಳುವ ಜಾತಿಯವನೇ ಅಲ್ಲ, ಸಾವಿನ ಮನೆಯಲ್ಲೂ ಗಟ್ಟಿಯಾಗಿ ನಿಂತವನು. ಈಗ ಯಾವುದೋ ಮಗು ಕಾಣೆಯಾದ ಸುದ್ದಿ ಬಂದರೆ ಟೀವಿ ಆಫ್ ಮಾಡಿ ಎದ್ದು ಹೋಗುತ್ತೇನೆ. ಡಯಾಪರ್ ಜಾಹೀರಾತು ನೋಡಿ ಗಂಟಲು ಕಟ್ಟಿತು ಅಂದರೆ ನಂಬುತ್ತೀರಾ? ಗೆಳೆಯರು ಹೆಂಗರುಳು ಅಂತ ರೇಗಿಸುತ್ತಾರೆ. ಇದು ಹಾರ್ಮೋನ್ ಆಟವೋ, ನನಗೇ ಏನಾದರೂ ಆಗಿದೆಯೋ?

ನಂಬುತ್ತೇನೆ. ಡಯಾಪರ್ ಜಾಹೀರಾತು ಮಾಡುವವರಿಗೂ ನಿಮ್ಮಂಥವರು ಇದ್ದಾರೆ ಅಂತ ಚೆನ್ನಾಗಿ ಗೊತ್ತು. ನಿಮಗೆ ಏನೂ ಆಗಿಲ್ಲ ಅಂತ ಮಾತ್ರ ಹೇಳಲಾರೆ. ಆಗಿದೆ. ಆದರೆ ಅದು ಕಾಯಿಲೆ ಅಲ್ಲ.

ಹಾರ್ಮೋನ್ ವಿಷಯ ಮೊದಲು ಮುಗಿಸೋಣ. ಗಂಡಸು ಬಸಿರಾಗುವುದಿಲ್ಲ, ಹೆರುವುದಿಲ್ಲ, ಹಾಲೂಡಿಸುವುದಿಲ್ಲ, ಹಾಗಾಗಿ ಮಗು ಬಂತು ಅಂತ ಅವನ ಮೈಯಲ್ಲಿ ಏನೂ ಬದಲಾಗುವುದಿಲ್ಲ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. 2000ರಲ್ಲಿ ಕೆನಡಾದಲ್ಲಿ ಆ್ಯನ್ ಸ್ಟೋರಿ ಮತ್ತು ಸಂಗಡಿಗರು 34 ದಂಪತಿಗಳ ರಕ್ತ ತೆಗೆದು ನೋಡಿದರು. ಹೆಂಡತಿಗೆ ದಿನ ತುಂಬುತ್ತಿದ್ದ ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಜಾಸ್ತಿ ಇತ್ತು. ಹೌದು, ತಾಯಿಗೆ ಹಾಲು ಬರಿಸುವ ಅದೇ ಹಾರ್ಮೋನ್. ಮಗು ಹುಟ್ಟಿದ ಹೊಸದರಲ್ಲಿ ಟೆಸ್ಟೋಸ್ಟಿರಾನ್, ಅಂದರೆ ಗಂಡಸರ ಮುಖ್ಯ ಹಾರ್ಮೋನ್, ಕಡಿಮೆ ಇತ್ತು. ಆಮೇಲೆ ಫಿಲಿಪೀನ್ಸ್‌ನ ಸೆಬುವಿನಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಸುಮಾರು 21 ವರ್ಷದ 624 ಯುವಕರನ್ನು 2005ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಪರೀಕ್ಷಿಸಿದರು. ನಡುವೆ ಮದುವೆಯಾಗಿ ಅಪ್ಪ ಆದವರಲ್ಲಿ ಬೆಳಗಿನ ಟೆಸ್ಟೋಸ್ಟಿರಾನ್ ಶೇ. 26ರಷ್ಟು, ಸಂಜೆಯದು ಶೇ. 34ರಷ್ಟು ಇಳಿದಿತ್ತು. ಒಂಟಿಯಾಗಿ ಉಳಿದವರಲ್ಲೂ ಇಳಿದಿತ್ತು, ಆದರೆ ಅದರ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ನನಗೆ ಮುಖ್ಯ ಅನಿಸುವುದು ಬೇರೆಯೇ ಒಂದು ಮಾತು: ದಿನಕ್ಕೆ ಮೂರು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಮಗುವಿನ ಕೆಲಸ ಮಾಡುತ್ತಿದ್ದ ಅಪ್ಪಂದಿರಲ್ಲಿ, ಮಗುವನ್ನು ಮುಟ್ಟದೇ ಇದ್ದ ಅಪ್ಪಂದಿರಿಗಿಂತ ಟೆಸ್ಟೋಸ್ಟಿರಾನ್ ಇನ್ನೂ ಕಡಿಮೆ ಇತ್ತು.

ಅಂದರೆ ಬರೀ ಅಪ್ಪ ಆಗುವುದು ಬೇರೆ, ಕೈಯಾರೆ ಮಗುವನ್ನು ನೋಡಿಕೊಳ್ಳುವುದು ಬೇರೆ. ನಿಮ್ಮ ಪತ್ರದಲ್ಲಿ ಕತ್ತರಿಸಿದ ಭಾಗದಲ್ಲಿ, ರಾತ್ರಿ ಎರಡಕ್ಕೆ ಏಳುವವರು ನೀವೇ ಅಂತ ಬರೆದಿದ್ದೀರಿ. ಹಾಗಿದ್ದರೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಆದರೆ ಟೆಸ್ಟೋಸ್ಟಿರಾನ್ ಇಳಿಯಿತು, ಕಣ್ಣೀರು ಬಂತು ಅಂತ ಎರಡನ್ನೂ ನೇರವಾಗಿ ಗಂಟು ಹಾಕಬೇಡಿ, ಅಷ್ಟು ಸರಳ ಅಲ್ಲ. ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2007ರ ಒಂದು ಪ್ರಯೋಗದಲ್ಲಿ, ಒಂದು ರಾತ್ರಿ ಪೂರ್ತಿ ನಿದ್ದೆ ಕೆಟ್ಟವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದಾಗ, ಮಿದುಳಿನಲ್ಲಿ ಭಯ ಮತ್ತು ಭಾವನೆಗೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗ ಚೆನ್ನಾಗಿ ನಿದ್ದೆ ಮಾಡಿದವರದ್ದಕ್ಕಿಂತ ಶೇ. 60ರಷ್ಟು ಜಾಸ್ತಿ ಕೆರಳಿತು. ಅವರದು ಒಂದೇ ರಾತ್ರಿ. ನಿಮ್ಮದು ನಾಲ್ಕು ತಿಂಗಳು! ಪೂರ್ತಿ ನಿದ್ದೆಗೆಡದಿದ್ದರೂ ತುಂಡು ತುಂಡು ನಿದ್ದೆಯೂ ಮನಸ್ಸಿನ ಕಟ್ಟೆಯನ್ನು ಸಡಿಲ ಮಾಡುತ್ತದೆ.

ಇನ್ನು ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಕಾಣೆಯಾದ ಮಗು ಮೊದಲು ನಿಮಗೆ ಬರೀ ಸುದ್ದಿ. ಈಗ ಒಂದು ಮಗುವಿನ ತೂಕ ಎಷ್ಟು, ನೆತ್ತಿಯ ವಾಸನೆ ಹೇಗಿರುತ್ತದೆ, ಹೆದರಿದಾಗ ಅದು ನಿಮ್ಮ ಅಂಗಿಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನಿಮ್ಮ ಕೈಗೆ ಗೊತ್ತು. ಹಾಗಾಗಿ ಆ ಸುದ್ದಿಯ ಮಗುವಿಗೆ ನಿಮಗೆ ಗೊತ್ತಿಲ್ಲದಂತೆ ನಿಮ್ಮ ಮಗಳ ಮುಖ ಬಂದುಬಿಡುತ್ತದೆ. ಟೀವಿ ಆಫ್ ಮಾಡುವುದರಲ್ಲಿ ತಪ್ಪಿಲ್ಲ. ಎಲ್ಲ ಸುದ್ದಿಯನ್ನೂ ನೋಡಲೇಬೇಕು ಅಂತ ಏನಾದರೂ ಇದೆಯೇ?

ಗೆಳೆಯರ ವಿಷಯ ಬಿಡಿ. ಅವರಲ್ಲಿ ಯಾರಿಗೆ ಮೊದಲು ಮಗು ಆಗುತ್ತದೋ ಅವರು ಮೊದಲು ಸುಮ್ಮನಾಗುತ್ತಾರೆ.

ಪ್ರಶ್ನೆ: ಅಪ್ಪ ಆದರೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ ಅಂತ ಓದಿ ಗಾಬರಿಯಾಗಿದೆ. ಜಿಮ್‌ಗೆ ಹೋಗುವವನು ನಾನು. ಮುಂದಿನ ತಿಂಗಳು ಹೆರಿಗೆ. ಗಂಡಸುತನಕ್ಕೆ ಏನಾದರೂ ತೊಂದರೆಯೇ?

ಇಲ್ಲ. ಮೇಲೆ ಹೇಳಿದ ಸೆಬು ಅಧ್ಯಯನದಲ್ಲೇ ಇನ್ನೂ ಎರಡು ಸಂಗತಿ ಇವೆ. ಟೆಸ್ಟೋಸ್ಟಿರಾನ್ ಅತಿ ಕಡಿಮೆ ಇದ್ದದ್ದು ಒಂದು ತಿಂಗಳೊಳಗಿನ ಕೂಸು ಇದ್ದವರಲ್ಲಿ, ಮಗು ಅದಕ್ಕಿಂತ ದೊಡ್ಡದಿದ್ದವರಲ್ಲಿ ಅಷ್ಟು ಕೆಳಗೆ ಇರಲಿಲ್ಲ. ಎರಡನೆಯದು ನಿಮಗೆ ಖುಷಿ ಕೊಡುವಂಥದ್ದು: ಶುರುವಿನಲ್ಲಿ ಟೆಸ್ಟೋಸ್ಟಿರಾನ್ ಜಾಸ್ತಿ ಇದ್ದವರೇ ಮುಂದೆ ಸಂಗಾತಿಯನ್ನು ಪಡೆದು ಅಪ್ಪ ಆಗುವ ಸಾಧ್ಯತೆ ಜಾಸ್ತಿ ಇತ್ತು. ಇಬ್ಬರು ಮೂವರು ಮಕ್ಕಳಿರುವ ಗಂಡಸರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ ಅನ್ನುವುದನ್ನೂ ಗಮನಿಸಿ. ಜಿಮ್‌ಗೆ ಹೋಗಿ, ಆದರೆ ಹೆರಿಗೆಯಾದ ಮೊದಲ ತಿಂಗಳು ಹೋಗದಿದ್ದರೂ ನಡೆಯುತ್ತದೆ. ಮನೆಯಲ್ಲಿ ಎತ್ತಿ ಇಳಿಸುವ ಕೆಲಸ ಬೇಕಾದಷ್ಟಿರುತ್ತದೆ.

ಪ್ರಶ್ನೆ: ಎಲ್ಲರೂ "ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಜಗತ್ತೇ ಬದಲಾಯಿತು" ಅನ್ನುತ್ತಾರೆ. ನನಗೆ ಏನೂ ಅನಿಸಲಿಲ್ಲ. ನರ್ಸ್ ಕೈಗೆ ಕೊಟ್ಟರು, ಎತ್ತಿಕೊಂಡೆ, ಫೋಟೊ ತೆಗೆಸಿಕೊಂಡೆ, ವಾಪಸ್ ಕೊಟ್ಟೆ. ಈಗ ಮೂರು ವಾರ. ಮಗು ಅತ್ತರೆ ಕಿರಿಕಿರಿ ಆಗುತ್ತದೆ ಅಷ್ಟೇ. ಹೆಂಡತಿಗೆ ಹೇಳುವ ಧೈರ್ಯ ಇಲ್ಲ. ನಾನು ಕಲ್ಲೆದೆಯವನಾ?

ಈ ಪತ್ರ ಓದಿ ನನಗೆ ಪಾಪ ಅನಿಸಿತು, ಯಾಕೆಂದರೆ ಹೀಗೆ ಅನಿಸುವವರು ತುಂಬ ಜನ, ಬಾಯಿಬಿಟ್ಟು ಹೇಳುವವರು ಕಡಿಮೆ. ಹೆರಿಗೆ ಕೋಣೆಯಲ್ಲಿ ಅತ್ತ ಅಪ್ಪಂದಿರು ಮಾತ್ರ ಫೋಟೊ ಹಾಕಿ ಬರೆದುಕೊಳ್ಳುತ್ತಾರೆ, ಅಲ್ವಾ? ಉಳಿದವರು ಅವರನ್ನು ನೋಡಿ ಒಳಗೊಳಗೇ ತಪ್ಪಿತಸ್ಥರಾಗುತ್ತಾರೆ.

ತಾಯಂದಿರಿಗೂ ಹೀಗೆ ಆಗುತ್ತದೆ ಅಂತ ನಿಮಗೆ ಗೊತ್ತೇ? 1980ರಲ್ಲಿ ಪ್ರಕಟವಾದ ಲಂಡನ್‌ನ ಒಂದು ಅಧ್ಯಯನದಲ್ಲಿ, ಮೊದಲ ಸಲ ಹೆತ್ತ ತಾಯಂದಿರಲ್ಲಿ ಸುಮಾರು ಶೇ. 40ರಷ್ಟು ಮಂದಿ, ಕೂಸನ್ನು ಮೊದಲು ಎತ್ತಿಕೊಂಡಾಗ ವಿಶೇಷ ಏನೂ ಅನಿಸಲಿಲ್ಲ ಅಂತ ಹೇಳಿದ್ದರು. ಒಂಬತ್ತು ತಿಂಗಳು ಹೊತ್ತವರ ಪಾಡೇ ಹೀಗೆ. ನಿಮಗೆ ಆ ಮಗುವಿನ ಪರಿಚಯ ಆಗಿ ಮೂರು ವಾರ!

ಇದರ ಜೊತೆಗೆ ಇನ್ನೊಂದು ಸಮಸ್ಯೆ ಇದೆ. ಮೂರು ವಾರದ ಕೂಸು ನಿಮಗೆ ಏನನ್ನೂ ವಾಪಸ್ ಕೊಡುವುದಿಲ್ಲ. ಮುಖ ನೋಡಿ ನಗುವುದು ಶುರುವಾಗುವುದೇ ಆರರಿಂದ ಎಂಟು ವಾರದ ಹೊತ್ತಿಗೆ. ಅಲ್ಲಿಯವರೆಗೆ ತಿನ್ನು, ಅಳು, ಮಲಗು, ಇಷ್ಟೇ. ಅದರಲ್ಲೂ ತಿನ್ನಿಸುವ ಕೆಲಸ ತಾಯಿಯ ಹತ್ತಿರ ಇದ್ದರೆ ಅಪ್ಪನ ಪಾಲಿಗೆ ಉಳಿಯುವುದು ಅಳು ಮಾತ್ರ. ಅಂಥ ಹೊತ್ತಿನಲ್ಲಿ ಪ್ರೀತಿ ಉಕ್ಕಿ ಬರಲಿಲ್ಲ ಅಂತ ಕೊರಗುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

ಏನು ಮಾಡಬೇಕು? ಪ್ರೀತಿ ಬರಲಿ, ಆಮೇಲೆ ಎತ್ತಿಕೊಳ್ಳುತ್ತೇನೆ ಅಂತ ಕಾಯಬೇಡಿ. ಅದು ತಿರುವುಮುರುವು. ಮೊದಲು ಎತ್ತಿಕೊಳ್ಳಿ. ಒಂದು ಕೆಲಸ ಪೂರ್ತಿ ನಿಮ್ಮದು ಅಂತ ತೆಗೆದುಕೊಳ್ಳಿ, ಸ್ನಾನವೋ, ರಾತ್ರಿ ಮಲಗಿಸುವುದೋ. ಹೆಂಡತಿಗೆ ಸಹಾಯ ಅಂತ ಅಲ್ಲ, ನಿಮ್ಮದೇ ಕೆಲಸ ಅಂತ. ಅಂಗಿ ತೆಗೆದು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ. ತೂಕ ಕಡಿಮೆ ಇರುವ ಕೂಸುಗಳನ್ನು ಹೀಗೆ ಮೈಗೆ ಮೈ ತಾಗಿಸಿ ನೋಡಿಕೊಳ್ಳುವ ಪದ್ಧತಿ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು, ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಅಪ್ಪಂದಿರ ಎದೆಯ ಮೇಲೂ ಮಲಗಿಸುತ್ತಾರೆ. ಆದರೆ ನಿಮಗೆ ನಿದ್ದೆ ಬರುತ್ತಿದ್ದರೆ ಮಗುವನ್ನು ಅದರ ಜಾಗಕ್ಕೆ ಸೇರಿಸಿಬಿಡಿ, ಸೋಫಾದ ಮೇಲೆ ಹಾಗೇ ಮಲಗಿಬಿಡುವುದು ಅಪಾಯ.

ಅಳುವಿನ ಕಿರಿಕಿರಿಯ ಬಗ್ಗೆ ಒಂದು ಮಾತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲವು ಕೂಸುಗಳ ಅಳು ಕೇಳಿಸಿ, ನಿಮ್ಮದು ಯಾವುದು ಅಂತ ಅಪ್ಪ ಅಮ್ಮಂದಿರನ್ನು ಕೇಳಿದರು. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಮಗುವಿನ ಜೊತೆ ಇರುತ್ತಿದ್ದ ಅಪ್ಪಂದಿರು ತಾಯಂದಿರಷ್ಟೇ ಚೆನ್ನಾಗಿ, ಹೆಚ್ಚೂಕಮ್ಮಿ ಶೇ. 90ರಷ್ಟು ಸಲ ಸರಿಯಾಗಿ ಗುರುತಿಸಿದರು. ಅದಕ್ಕಿಂತ ಕಡಿಮೆ ಹೊತ್ತು ಇರುತ್ತಿದ್ದವರದು ಶೇ. 75. ಕಿವಿ ಒಂದೇ, ಗಂಟೆ ಬೇರೆ. ಅಳು ಹಸಿವಿನದೋ ನಿದ್ದೆಯದೋ ಅಂತ ಗೊತ್ತಾಗಲು ಶುರುವಾದ ದಿನ ಕಿರಿಕಿರಿ ಅರ್ಧ ಇಳಿಯುತ್ತದೆ.

ಹೆಂಡತಿಗೆ ಹೇಳಿ. ಅವರಿಗೂ ಹಾಗೇ ಅನಿಸಿ ಬಾಯಿ ಮುಚ್ಚಿಕೊಂಡಿರಬಹುದು, ಯಾರಿಗೆ ಗೊತ್ತು. ಎರಡು ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ, ಬೇರೆ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದರೆ, ವೈದ್ಯರನ್ನು ನೋಡಿ.

ಪ್ರಶ್ನೆ: ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಬಿದ್ದುಬಿಟ್ಟ ಹಾಗೆ, ಬಾಲ್ಕನಿಯಿಂದ ಕೈ ಜಾರಿದ ಹಾಗೆ ಚಿತ್ರ ಕಣ್ಣ ಮುಂದೆ ಬರುತ್ತದೆ. ಎದೆ ಝಲ್ಲೆನ್ನುತ್ತದೆ. ನನ್ನ ಮನಸ್ಸಿನಲ್ಲೇ ಕೆಟ್ಟದ್ದು ಏನೋ ಇದೆ ಅಂತ ಭಯ.

ಹೊಸ ಅಪ್ಪ ಅಮ್ಮಂದಿರಲ್ಲಿ ಇಂಥ ಬೇಡದ ಯೋಚನೆಗಳು ತೀರ ಸಾಮಾನ್ಯ, ಬಹುಪಾಲು ಜನರಿಗೆ ಬರುತ್ತವೆ. ಕೆಟ್ಟ ಮನಸ್ಸಿನ ಗುರುತಲ್ಲ. ರಾತ್ರಿ ಕಾವಲಿಗೆ ಹೊಸದಾಗಿ ಸೇರಿದವನು ಎಲೆ ಅಲುಗಾಡಿದರೂ ಟಾರ್ಚ್ ಬಿಡುತ್ತಾನಲ್ಲ, ನಿಮ್ಮ ಮಿದುಳು ಈಗ ಹಾಗೆ ಮಾಡುತ್ತಿದೆ. ಆ ಚಿತ್ರ ಬಂದಾಗ ನಿಮಗೆ ಎದೆ ಝಲ್ಲೆನ್ನುತ್ತದೆ ಅನ್ನುವುದೇ ಅದು ನಿಮ್ಮ ಬಯಕೆ ಅಲ್ಲ ಅಂತ ತೋರಿಸುತ್ತದೆ. ಬಂತು, ಹೋಯಿತು ಅಂತ ಬಿಟ್ಟುಬಿಡಿ, ಓಡಿಸಲು ಹೋದಷ್ಟೂ ಅದು ಮತ್ತೆ ಮತ್ತೆ ಬರುತ್ತದೆ. ಆ ಭಯಕ್ಕೆ ಮಗುವನ್ನು ಎತ್ತಿಕೊಳ್ಳುವುದನ್ನೇ ನಿಲ್ಲಿಸಿದ್ದರೆ, ಅಥವಾ ದಿನಕ್ಕೆ ಹತ್ತಾರು ಸಲ ಬಾಗಿಲು ಕಿಟಕಿ ನೋಡಿ ಬರುವಂತಾಗಿದ್ದರೆ ಮಾತ್ರ ಮನೋವೈದ್ಯರ ಹತ್ತಿರ ಹೋಗಿ, ಚಿಕಿತ್ಸೆ ಇದೆ. ಮಗುವಿಗೆ ಏನಾದರೂ ಮಾಡಿಬಿಡಬೇಕು ಅಂತ ನಿಜವಾಗಿ ಅನಿಸಿದರೆ ಅದು ಬೇರೆ ವಿಷಯ. ಆಗ ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಅದೇ ಗಳಿಗೆ ಸಹಾಯ ಕೇಳಬೇಕು.

ಪ್ರಶ್ನೆ: ನಾನು ಹೆಂಡತಿ. ನಿಮ್ಮ ಅಂಕಣ ಓದಿದ ಮೇಲೆ ಬರೆಯುತ್ತಿದ್ದೇನೆ. ಮಗನಿಗೆ ಐದು ತಿಂಗಳು. ನನ್ನ ಗಂಡ ಅಳುವುದಿಲ್ಲ, ಸಿಡುಕುತ್ತಾರೆ. ಆಫೀಸಿನಿಂದ ಬೇಕಂತಲೇ ತಡವಾಗಿ ಬರುತ್ತಾರೆ. ಕುಡಿಯುವುದು ಜಾಸ್ತಿಯಾಗಿದೆ. ಮಗು ಮಲಗಿದ ಮೇಲೂ ಅವರಿಗೆ ನಿದ್ದೆ ಇಲ್ಲ, ಮೊಬೈಲ್ ಹಿಡಿದು ಕೂರುತ್ತಾರೆ. ಕೇಳಿದರೆ "ನಾನು ಆರಾಮಿದ್ದೇನೆ" ಅನ್ನುತ್ತಾರೆ. ಅಪ್ಪ ಆದರೆ ಮನಸ್ಸು ಮೃದು ಆಗುತ್ತದೆ ಅನ್ನುತ್ತಾರಲ್ಲ, ಇವರಿಗೆ ಯಾಕೆ ಹೀಗೆ?

ಈ ಸಲದ ಎಲ್ಲ ಪತ್ರಗಳಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಇದೊಂದೇ. ಅಳುವ ಗಂಡಸರ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಹೀಗೆ ಸಿಡುಕುತ್ತಾ ದೂರ ಸರಿಯುವವರ ಬಗ್ಗೆ ಇದೆ.

ಹೆರಿಗೆಯ ನಂತರದ ಖಿನ್ನತೆ ಬರೀ ಹೆಂಗಸರ ಕಾಯಿಲೆ ಅಲ್ಲ. 2010ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಅಂದರೆ 28,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ ವರದಿ ಬಂತು. ಹೆಂಡತಿ ಗರ್ಭಿಣಿಯಾದಾಗಿನಿಂದ ಮಗುವಿಗೆ ವರ್ಷ ತುಂಬುವವರೆಗೆ ಸುಮಾರು ಶೇ. 10ರಷ್ಟು ಅಪ್ಪಂದಿರು ಖಿನ್ನತೆಗೆ ಒಳಗಾಗುತ್ತಾರೆ. ಅತಿ ಹೆಚ್ಚು ಕಂಡದ್ದು ಮಗುವಿಗೆ ಮೂರರಿಂದ ಆರು ತಿಂಗಳು ಇರುವಾಗ. ನಿಮ್ಮ ಮಗನಿಗೆ ಐದು.

ಗಂಡಸರಲ್ಲಿ ಇದು ಕಣ್ಣೀರಾಗಿ ಬರುವುದಕ್ಕಿಂತ ಸಿಟ್ಟಾಗಿ, ಕುಡಿತವಾಗಿ, ಮುಗಿಯದ ಆಫೀಸ್ ಕೆಲಸವಾಗಿ, ಮೌನವಾಗಿ ಬರುವುದು ಜಾಸ್ತಿ. ಹಾಗಾಗಿ ಮನೆಯವರು "ಜವಾಬ್ದಾರಿ ಇಲ್ಲ" ಅಂತ ಬೈಯುತ್ತಾರೆ, ಅವನು ಇನ್ನೂ ದೂರ ಹೋಗುತ್ತಾನೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ತಾಯಂದಿರಿಗಾಗಿ ಮಾಡಿದ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ, ಬರೀ ಹತ್ತು ಪ್ರಶ್ನೆ. ಅದನ್ನು ಅಪ್ಪಂದಿರ ಮೇಲೂ ಬಳಸಿ ನೋಡಿದ ಸಂಶೋಧಕರು, ಖಿನ್ನತೆ ಇರಬಹುದು ಅಂತ ಅನುಮಾನಿಸಲು ಬೇಕಾದ ಅಂಕದ ಮಿತಿಯನ್ನು ಗಂಡಸರಿಗೆ ಕೆಳಗಿಡಬೇಕು ಅಂತ ಹೇಳಿದರು, ಯಾಕೆಂದರೆ ಅಳುತ್ತೇನೆ, ದುಃಖ ಆಗುತ್ತದೆ ಅಂತ ಗಂಡಸರು ಒಪ್ಪಿಕೊಳ್ಳುವುದೇ ಕಡಿಮೆ. "ನಾನು ಆರಾಮಿದ್ದೇನೆ" ಅನ್ನುವ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ.

ನಿಮ್ಮ ಗಂಡನಿಗೆ ಅದೇ ಆಗಿದೆ ಅಂತ ಪತ್ರ ಓದಿ ನಾನು ಹೇಳಲಾರೆ, ಅದು ವೈದ್ಯರ ಕೆಲಸ. ಆದರೆ ಮಾತಾಡುವ ರೀತಿ ಬದಲಿಸಿ ನೋಡಿ. "ಯಾಕೆ ಹೀಗೆ ಮಾಡುತ್ತೀರಿ" ಅಂತ ಬೇಡ. "ನಿಮಗೆ ನಿದ್ದೆ ಇಲ್ಲ, ಮೊದಲಿನ ಹಾಗೆ ಇಲ್ಲ, ನನಗೆ ಹೆದರಿಕೆ ಆಗುತ್ತಿದೆ, ಇಬ್ಬರೂ ಹೋಗಿ ಡಾಕ್ಟರನ್ನು ನೋಡೋಣ" ಅನ್ನಿ. ಮನೋವೈದ್ಯರು ಅಂದರೆ ಬರುವುದಿಲ್ಲ ಅನಿಸಿದರೆ ನಿಮ್ಮ ಮಾಮೂಲಿ ವೈದ್ಯರಿಂದಲೇ ಶುರು ಮಾಡಿ, ನಿದ್ದೆ ಬರುತ್ತಿಲ್ಲ ಅನ್ನುವ ನೆಪ ಸಾಕು. ಬದುಕುವುದೇ ಬೇಡ ಅನ್ನುವ ಧಾಟಿಯ ಮಾತು ಒಮ್ಮೆ ಬಂದರೂ ಕಾಯಬೇಡಿ, ಅವರನ್ನು ಒಬ್ಬರೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಡೆಯಲು ಬಂದರೆ, ಮಗುವಿನ ಮೇಲೆ ಕೈ ಎತ್ತಿದರೆ, ಖಿನ್ನತೆ ಅಂತ ಸಹಿಸಿಕೊಂಡು ಕೂರಬೇಡಿ. ಮಗುವಿನ ಜೊತೆ ಅಲ್ಲಿಂದ ಹೊರಡಿ.

ನಿಮ್ಮನ್ನೂ ಯಾರಾದರೂ ನೋಡಿಕೊಳ್ಳುತ್ತಿದ್ದಾರಾ? ಅದೇ ವರದಿಯಲ್ಲಿ, ಒಬ್ಬರಿಗೆ ಖಿನ್ನತೆ ಇದ್ದರೆ ಸಂಗಾತಿಗೂ ಇರುವ ಸಾಧ್ಯತೆ ಕಂಡಿತ್ತು. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ನಾವು ಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದೇವೆ. ಬಸಿರು, ಹೆರಿಗೆ ಯಾವುದನ್ನೂ ನೋಡದ ನನಗೆ ಈ ಬದಲಾವಣೆಗಳು ಆಗುತ್ತವೆಯೇ?

ಆಗುತ್ತವೆ ಅನ್ನಲು ಒಳ್ಳೆಯ ಆಧಾರ ಇದೆ. 2014ರಲ್ಲಿ ಇಸ್ರೇಲ್‌ನಲ್ಲಿ ರೂತ್ ಫೆಲ್ಡ್‌ಮನ್ ಅವರ ತಂಡ 89 ಹೊಸ ಪಾಲಕರಿಗೆ ಅವರದೇ ಮಗುವಿನ ವಿಡಿಯೊ ತೋರಿಸಿ ಮಿದುಳು ಸ್ಕ್ಯಾನ್ ಮಾಡಿತು. ಅದರಲ್ಲಿ ತಾಯಿಯ ಪಾತ್ರವೇ ಇಲ್ಲದೆ ಇಬ್ಬರು ಅಪ್ಪಂದಿರೇ ಸೇರಿ ಮಗು ಸಾಕುತ್ತಿದ್ದ ಮನೆಗಳೂ ಇದ್ದವು, ಅಂದರೆ ಅವರಲ್ಲಿ ಎಲ್ಲರೂ ರಕ್ತಸಂಬಂಧದ ಅಪ್ಪಂದಿರಲ್ಲ. ಅವರ ಅಮಿಗ್ಡಲಾ ತಾಯಂದಿರದ್ದರಷ್ಟೇ ಚುರುಕಾಗಿ ಸ್ಪಂದಿಸುತ್ತಿತ್ತು. ಅಪ್ಪಂದಿರಲ್ಲಿ ಒಟ್ಟಾರೆ ನೋಡಿದರೆ, ಮಗುವನ್ನು ನೋಡಿಕೊಳ್ಳುವ ಹೊತ್ತು ಜಾಸ್ತಿ ಇದ್ದಷ್ಟೂ ಆ ಭಾಗಕ್ಕೂ, ಎದುರಿನವರ ಮನಸ್ಸನ್ನು ಓದುವ ಇನ್ನೊಂದು ಭಾಗಕ್ಕೂ ಸಂಪರ್ಕ ಗಟ್ಟಿಯಾಗಿತ್ತು. ಹೆರಿಗೆ ಬೇಕಾಗಲಿಲ್ಲ, ಹೊತ್ತು ಬೇಕಾಯಿತು. ರಜೆ ಸಿಗುವುದಾದರೆ ಈಗಲೇ ಅರ್ಜಿ ಹಾಕಿಡಿ.

ಪ್ರಶ್ನೆ: ಆರು ವರ್ಷದ ಮಗನ ಎದುರು ಅಳಬಹುದಾ?

ಅಳಬಹುದು. ಯಾಕೆ ಅಂತ ಒಂದು ಸಾಲು ಹೇಳಿಬಿಡಿ, ಇಲ್ಲದಿದ್ದರೆ ತನ್ನಿಂದಲೇ ಆಯಿತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. "ಅಪ್ಪನಿಗೆ ಬೇಜಾರಾಗಿದೆ, ನಿನ್ನಿಂದ ಅಲ್ಲ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ" ಅಂದರೆ ಸಾಕು. ಅವನಿಂದ ಸಮಾಧಾನ ಮಾಡಿಸಿಕೊಳ್ಳಬೇಡಿ, ಅದು ಅವನ ಕೆಲಸ ಅಲ್ಲ. ಮತ್ತೆ ಅವನು ಅತ್ತಾಗ "ಗಂಡು ಮಕ್ಕಳು ಅಳಬಾರದು" ಅನ್ನುವುದನ್ನು ನಿಲ್ಲಿಸಿ, ನೀವು ಅತ್ತ ಮೇಲೆ ಆ ಮಾತು ಹೇಗೂ ನಡೆಯುವುದಿಲ್ಲ.

ಪ್ರಶ್ನೆ: ನನಗೆ 64. ನಮ್ಮ ಕಾಲದಲ್ಲಿ ಮಕ್ಕಳನ್ನು ಎಲ್ಲರೆದುರು ಎತ್ತಿಕೊಳ್ಳುವುದಕ್ಕೂ ಸಂಕೋಚ. ಈಗ ನನ್ನ ಮಗ ಅವನ ಮಗುವಿನ ಮೊದಲ ಹೆಜ್ಜೆ ನೋಡಿ ಎಲ್ಲರೆದುರು ಕಣ್ಣೊರೆಸಿಕೊಂಡ. ಒಳಗೊಳಗೇ ನನಗೂ ಹಾಗೇ ಆಯಿತು ಅನ್ನಿ. ಅವನು ಹುಟ್ಟಿದಾಗ ಆಗದ್ದು ಮೊಮ್ಮಗ ಬಂದ ಮೇಲೆ ಯಾಕೆ? ನಮಗೆ ಆಗ ಪ್ರೀತಿ ಇರಲಿಲ್ಲವೇ? ಮಗನಿಗೆ ಸ್ವಲ್ಪ ಬಿಗಿಯಾಗಿರು ಅಂತ ಹೇಳಬೇಕೇ?

ಪ್ರೀತಿ ಇತ್ತು ಸಾರ್. ಹೊತ್ತು ಇರಲಿಲ್ಲ. ನೀವು ಬೆಳಿಗ್ಗೆ ಹೊರಡುವಾಗ ಮಗ ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದ ಅಂತ ನೀವೇ ಬರೆದಿದ್ದೀರಿ. ದುಡಿದು ತರುವುದೇ ಅಪ್ಪನ ಪ್ರೀತಿ ಅಂತ ಒಪ್ಪಿಕೊಂಡ ಕಾಲ ಅದು. ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡು ಕೂತ ಅಪ್ಪನನ್ನು ನಾವು ಇವತ್ತಿಗೂ ಹಾಡಿ ಹೊಗಳುತ್ತೇವೆ. ನನಗೆ ಆ ಹೊಗಳಿಕೆ ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ, ಅದರಿಂದ ನಿಮ್ಮಂಥವರಿಗೆ ಸಿಗಬೇಕಾದ್ದು ಎಷ್ಟೋ ತಪ್ಪಿಹೋಯಿತು. ಈಗ ನಿವೃತ್ತರಾಗಿದ್ದೀರಿ, ದಿನವೆಲ್ಲ ಮೊಮ್ಮಗ ಮಡಿಲಲ್ಲಿ. ವಯಸ್ಸಾದಂತೆ ಗಂಡಸರ ಟೆಸ್ಟೋಸ್ಟಿರಾನ್ ಹೇಗೂ ನಿಧಾನಕ್ಕೆ ಇಳಿಯುತ್ತದೆ, ಅದೂ ಸ್ವಲ್ಪ ಸೇರಿರಬಹುದು. ಆದರೆ ದೊಡ್ಡ ಕಾರಣ ಆ ಗಂಟೆಗಳೇ ಅಂತ ನನ್ನ ಅನಿಸಿಕೆ.

ಮಗನಿಗೆ ಬಿಗಿಯಾಗಿರು ಅಂತ ಹೇಳಲು ಹೋಗಬೇಡಿ. ನಿಮಗೂ ಹಾಗೇ ಆಯಿತು ಅಂತ ಬೇಕಾದರೆ ಹೇಳಿ, ಅವನು ಅದನ್ನು ನಿಮ್ಮ ಬಾಯಿಂದ ಇದುವರೆಗೆ ಕೇಳಿರಲಿಕ್ಕಿಲ್ಲ. ಮೊಮ್ಮಗನ ಸ್ನಾನದ ಕೆಲಸ ಸದ್ಯ ಯಾರೂ ಹಿಡಿದುಕೊಂಡಿಲ್ಲದಿದ್ದರೆ ಅದನ್ನು ಕೇಳಿ ತೆಗೆದುಕೊಳ್ಳಿ.